ಎಂಟನೆಯ ದಿನದ ರಟ್ಟೆ

ಬಿ.ಸಿ.ರೋಡಿನ ಕೂಡುರಸ್ತೆಯಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಂಗಳೂರಿನಿಂದ ಬಂದ ಮೀನಿನ ಲಾರಿಯನ್ನು ಬುಟ್ಟಿ ಹಿಡಿದ ಹೆಂಗಸರು ಮುತ್ತಿಕೊಂಡಿದ್ದಾರೆ. ಆ ಗುಂಪಿನಿಂದ ನಾಲ್ಕು ಮಾರು ದೂರದಲ್ಲಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಕಮಲಾವತಿ ನಿಂತಿದ್ದಾರೆ. ಕಂಕುಳಲ್ಲಿ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕು. ಮೀನು ಕೊಳ್ಳಲು ಬಂದವರಲ್ಲ ಅವರು. ವೇಣೂರಿನ ಜೈನ ಮನೆಯಲ್ಲಿ ಹುಟ್ಟಿದವರು, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಅವರಿಗೆ ಬೇಕಾದದ್ದು ಮೀನಿನ ಜೊತೆ ಬರುವ ಐಸು.

"ಅಮ್ಮಾ, ನಿಮ್ಮದು ಬೇರೆ ಗೋಣಿಯಲ್ಲಿ ಉಂಟು," ಎಂದು ಲಾರಿಯ ಮೇಲಿನಿಂದ ತುಕ್ರಪ್ಪ ಕೂಗುತ್ತಾನೆ. "ಮೀನು ಮುಟ್ಟದ ಐಸು. ಬೇಕಾದ್ರೆ ಮೂಸಿ ನೋಡಿ."

"ಮೂಸ್ಲಿಕ್ಕೆ ಮೂಗಿನಿಂದ ಸೆರಗು ತೆಗೀಬೇಕಲ್ಲ ಮಾರಾಯ."

"ಹದಿನೈದು ವರ್ಷ ಆಯ್ತು. ಇನ್ನೂ ಅಭ್ಯಾಸ ಆಗ್ಲಿಲ್ವಾ?"

"ನಿನ್ನ ಮಗಳಿಗೆ ನನ್ನ ಸೂಜಿ ಅಭ್ಯಾಸ ಆಯ್ತಾ ಹೇಳು, ಮತ್ತೆ ನನ್ನ ಮೂಗಿನ ಮಾತು."

ತುಕ್ರಪ್ಪ ನಗುತ್ತ ಐಸನ್ನು ಕುಟ್ಟಿ ಫ್ಲಾಸ್ಕಿಗೆ ತುಂಬುತ್ತಾನೆ. ಅದರ ನಡುವೆ ಕಮಲಾವತಿ ಬಟ್ಟೆಯಲ್ಲಿ ಸುತ್ತಿದ ಗಾಜಿನ ಕೊಳವೆಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಒಂದೊಂದೂ ಬೆಂಕಿಕಡ್ಡಿಯಷ್ಟು. ಒಳಗೆ ಸಿಡುಬಿನ ಲಸಿಕೆ. ಬಿಸಿಲು ತಾಗಿದರೆ ಈ ಮದ್ದು ಸತ್ತುಹೋಗುತ್ತದೆ. ಆದ್ದರಿಂದಲೇ ಅವರ ಕೆಲಸ ನಸುಕಿಗೆ ಶುರುವಾಗುತ್ತದೆ.

ಕಮಲಾವತಿ ಆರೋಗ್ಯ ಇಲಾಖೆಯ ಲಸಿಕೆಗಾರ್ತಿ. ವಯಸ್ಸು ನಲವತ್ತನಾಲ್ಕು. ಬಂಟ್ವಾಳ ಪೇಟೆಯಲ್ಲಿ ಬಾಡಿಗೆಯ ಒಂದು ಕೋಣೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಗಳಲ್ಲಿ, ಗಂಡಸಿನ ಮುಂದೆ ತೋಳು ಬಿಚ್ಚದ ಹೆಂಗಸರೆಲ್ಲ ಕಾಯುವುದು ಇವರನ್ನು. ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. 'ಸೂಜಿಯಮ್ಮ' ಎಂದರೆ ಬಸ್ಸಿನ ಕಂಡಕ್ಟರೂ ಇಳಿಯುವ ಜಾಗ ತೋರಿಸುತ್ತಾನೆ.

ದಿನಕ್ಕೆ ಅರವತ್ತು, ಎಪ್ಪತ್ತು ರಟ್ಟೆ. ಹಜ್ಜಿನ ಹಡಗು ಹೊರಡುವ ತಿಂಗಳಲ್ಲಿ ನೂರು ದಾಟುತ್ತದೆ. ನಡಿಗೆ ಎಂಟೊಂಬತ್ತು ಮೈಲಿ. ಊರವರ ರಟ್ಟೆ ಒಂದು ಕೆಲಸವಾದರೆ, ಪರದೇಶಕ್ಕೆ ಹೊರಟವರ ರಟ್ಟೆ ಇನ್ನೊಂದು. ಇವತ್ತಿನ ಕಾಲದಲ್ಲಿ ಬಹರೈನಿಗೋ ಕುವೈತಿಗೋ ಹೋಗಬೇಕೆಂದರೆ ಮದ್ರಾಸಿನಿಂದ ಪಾಸ್‌ಪೋರ್ಟು ಬರಬೇಕು, ಅದಕ್ಕೆ ಮೊದಲು ಪೊಲೀಸರು ಮನೆಗೆ ಬಂದು ವಿಚಾರಿಸಬೇಕು, ಆ ದೇಶದಿಂದ 'ಈ ಮನುಷ್ಯ ಬರಬಹುದು' ಎನ್ನುವ ಕಾಗದ ಬರಬೇಕು. ಇಷ್ಟೆಲ್ಲ ಕೈಗೆ ಬಂದ ಮೇಲೂ, ಸಿಡುಬಿನ ಲಸಿಕೆಯ ಹಳದಿ ಕಾರ್ಡು ಇಲ್ಲದಿದ್ದರೆ ಬಂದರಿನಲ್ಲಿ ಬಾಗಿಲು ತೆರೆಯುವುದಿಲ್ಲ. ಆ ಕಾರ್ಡಿನ ಮೇಲೆ ವೈದ್ಯರು ಮೊಹರು ಒತ್ತುವುದು ಕಮಲಾವತಿಯವರ ಮಾತು ನಂಬಿ.

ಮೊದಲ ಸಲ ಲಸಿಕೆ ಹಾಕಿಸಿಕೊಂಡವರಿಗೆ ಒಂದು ಕಟ್ಟುನಿಟ್ಟು ಉಂಟು. ರಟ್ಟೆಯಲ್ಲಿ ಬೊಕ್ಕೆ ಏಳಬೇಕು, ಎದ್ದದ್ದನ್ನು ಕಣ್ಣಾರೆ ನೋಡಬೇಕು. ಹಾಕಿದ ಎಂಟು ದಿನಗಳ ನಂತರವೇ ಕಾರ್ಡಿಗೆ ಜೀವ.

ಇವತ್ತು ೧೯೬೪ರ ಫೆಬ್ರವರಿ ಹದಿನಾರು, ತೋಡಾರಿನ ಖದೀಜಳಿಗೆ ಎಂಟನೆಯ ದಿನ. ಭಾನುವಾರವಾದರೂ ಕಮಲಾವತಿ ಹೊರಟಿರುವುದು ಅದಕ್ಕೇ.

ಖದೀಜ ಇಪ್ಪತ್ತೆರಡರ ಹುಡುಗಿ. ಗಂಡ ಬಹರೈನಿನಲ್ಲಿ ದರ್ಜಿ. ಮದುವೆಯಾಗಿ ನಾಲ್ಕು ವರ್ಷ, ಒಟ್ಟಿಗಿದ್ದದ್ದು ಐವತ್ತು ದಿನ. ಅವಳ ಪಾಸ್‌ಪೋರ್ಟಿಗೆ ಹನ್ನೊಂದು ತಿಂಗಳು ಹಿಡಿಯಿತು. ಹಡಗು ಬೊಂಬಾಯಿ ಬಿಡುವುದು ಇಪ್ಪತ್ತನೇ ತಾರೀಕು. ಬಸ್ಸು, ರೈಲು ಹಿಡಿದು ಅಲ್ಲಿಗೆ ಮುಟ್ಟಲು ಮೂರು ದಿನ ಬೇಕು. ಆ ದೇಶದ ಕಾಗದಕ್ಕೆ ಇರುವ ಅವಧಿ ಈ ತಿಂಗಳ ಕೊನೆಯವರೆಗೆ ಮಾತ್ರ. ಈ ಹಡಗು ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ.

ಲಸಿಕೆ ಒಂದನೇ ತಾರೀಕಿಗೇ ಹಾಕಿ ಆಗಿತ್ತು. ಖದೀಜಳಿಗೆ ಅದೇ ಮೊದಲು. ಚಿಕ್ಕಂದಿನಲ್ಲಿ ಲಸಿಕೆಯವರು ಬಂದರೆಂದರೆ ತಾಯಿ ಅವ್ವಮ್ಮ ಮಗಳನ್ನು ಭತ್ತದ ಪತ್ತಾಯದೊಳಗೆ ಕೂರಿಸಿ ಮುಚ್ಚಳ ಹಾಕುತ್ತಿದ್ದಳಂತೆ. ಒಂದು ವಾರ ಬಿಟ್ಟು ಕಮಲಾವತಿ ನೋಡಲು ಹೋದಾಗ ರಟ್ಟೆ ತೊಳೆದಿಟ್ಟ ಬಟ್ಟಲಿನ ಹಾಗೆ ನುಣ್ಣಗೆ ಇತ್ತು. ವಿಚಾರಿಸಿದರೆ, ಅವರು ಅಂಗಳ ದಾಟುವುದರೊಳಗೆ ಅವ್ವಮ್ಮ ಮಗಳ ರಟ್ಟೆಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದ್ದಳು. ಮಗು ಬಿದ್ದರೂ ಎಣ್ಣೆ, ಸುಟ್ಟರೂ ಎಣ್ಣೆ, ಗೀರಿದರೂ ಎಣ್ಣೆ: ಈ ಕಡೆಯ ತಾಯಂದಿರ ಮೊದಲ ಮದ್ದು ಅದು. ಎಣ್ಣೆಯ ಜೊತೆ ಲಸಿಕೆಯೂ ಹೋಗಿತ್ತು.

"ಅವಳೊಬ್ಬಳದ್ದೇ ತಪ್ಪಲ್ಲ," ಎನ್ನುತ್ತಾರೆ ಕಮಲಾವತಿ. "ಹತ್ತು ನಿಮಿಷ ಒಣಗ್ಲಿಕ್ಕೆ ಬಿಡಬೇಕು, ಪಕ್ಕದಲ್ಲೇ ಕೂತಿರಬೇಕು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಲಿಕ್ಕಿಲ್ಲ. ಬಸ್ಸು ಹಾರ್ನ್ ಹೊಡೆಯಿತು, ಊಟ ತಪ್ತದೆ ಅಂತ ನಾನು ಎದ್ದು ಓಡಿದೆ. ನನ್ನ ಹೊಟ್ಟೆಗೆ ಅವಸರ ಆದದ್ದಕ್ಕೆ ಹುಡುಗಿಯ ಒಂದು ವಾರ ಹೋಯ್ತು."

ಅದೇ ದಿನ, ಎಂಟನೇ ತಾರೀಕು, ಅವರು ಮತ್ತೊಮ್ಮೆ ಲಸಿಕೆ ಹಾಕಿದರು. ಟಿಕೇಟಿನ ಏಜೆಂಟ ಶಂಭು ಅಲ್ಲೇ ಜಗಲಿಯಲ್ಲಿ ಕೂತಿದ್ದ.

"ಅಮ್ಮ, ಮೊದಲು ಹಾಕಿದ್ದೇ ಎದ್ದಿದೆ ಅಂತ ಬರೆದುಬಿಡಿ. ಬಂದರಿನಲ್ಲಿ ನೋಡುವುದು ಕಾಗದ. ರಟ್ಟೆ ಯಾರು ನೋಡ್ತಾರೆ?"

"ಏಡನ್ನಿಗೆ ಹೋದ ರುಕ್ಮಯ್ಯನದ್ದು ನೋಡಿದ್ರು."

"ಹಡಗು ನಿಮ್ಮ ಬೊಕ್ಕೆಗೆ ಕಾಯ್ಲಿಕ್ಕಿಲ್ಲ."

"ಬೊಕ್ಕೆಯೂ ನಿನ್ನ ಹಡಗು ನೋಡಿಕೊಂಡು ಏಳ್ಲಿಕ್ಕಿಲ್ಲ ಶಂಭು. ಹದಿನಾರಕ್ಕೆ ಬರ್ತೇನೆ. ಎದ್ದರೆ ಸಹಿ, ಇಲ್ಲದಿದ್ದರೆ ಇಲ್ಲ."

ಅಂದು ಅವರು ಒಂದು ಗಂಟೆ ಖದೀಜಳ ಪಕ್ಕ ಕೂತರು. ಬಸ್ಸೂ ಹೋಯಿತು, ಸೂರ್ಯನೂ ಹೋದ. ಬರಿಹೊಟ್ಟೆಯಲ್ಲಿ ಮೂಡುಬಿದಿರೆಗೆ ನಡೆದರು.

ಕಮಲಾವತಿಯವರ ಮುಖದ ತುಂಬ ಸಿಡುಬಿನ ಕಲೆಗಳಿವೆ. ಏಳನೆಯ ವಯಸ್ಸಿನಲ್ಲಿ ಬಂದದ್ದು. ಹದಿನೇಳಕ್ಕೆ ನೋಡಲು ಬಂದ ಗಂಡಿನ ಕಡೆಯವರು ಬೆಲ್ಲ ನೀರು ಕುಡಿದು ಎದ್ದುಹೋದರು. ಇನ್ನೆರಡು ಕಡೆಯವರು ನೀರನ್ನೂ ಕುಡಿಯಲಿಲ್ಲ. "ನನ್ನ ಮುಖವೇ ಇಲಾಖೆಯ ಬೋರ್ಡು," ಎಂದು ಅವರು ನಗುತ್ತಾರೆ. ಲಸಿಕೆ ಬೇಡವೆಂದು ಬಾಗಿಲು ಹಾಕಿಕೊಂಡವರ ಕಿಟಕಿಗೆ ಹೋಗಿ ನಿಲ್ಲುತ್ತಾರೆ. "ಮದ್ದು ಬೇಡದಿದ್ದರೆ ಬೇಡ, ನನ್ನ ಮುಖ ಒಮ್ಮೆ ಸರಿಯಾಗಿ ನೋಡಿ ಅಂತೇನೆ. ಸುಮಾರು ಬಾಗಿಲು ತೆರೀತದೆ."

ಬಾಗಿಲು ತೆರೆಯದ ಮನೆ ಅವರದ್ದೇ ಆಗಿತ್ತು. ಲಸಿಕೆಯನ್ನು ತಯಾರಿಸುವುದು ಕರುವಿನ ಮೈಯಲ್ಲಿ. ಅದು ಗೊತ್ತಾದ ದಿನ ತಂದೆ ಅಭಯಚಂದ್ರ ಮಾತು ನಿಲ್ಲಿಸಿದರು. ಸಣ್ಣ ಹುಳುವೂ ಸಾಯಬಾರದೆಂದು ನೀರು ಸೋಸಿ ಕುಡಿಯುವ ಮನೆಯ ಮಗಳು ಕರುವಿನ ನೋವನ್ನು ಕೊಳವೆಯಲ್ಲಿ ಹೊತ್ತು ಊರೂರು ತಿರುಗುವುದೇ? ಕಮಲಾವತಿ ಬಸದಿಗೆ ಬಂದಿದ್ದ ಮುನಿಗಳ ಬಳಿ ಹೋಗಿ ಕೇಳಿದರು.

"ಅವರು ಎಂತ ಹೇಳಿದ್ರು?" ಎಂದು ಕೇಳಿದವರಿಗೆ ಕಮಲಾವತಿಯವರ ಉತ್ತರ ಇಷ್ಟೇ:

"ಎಂತದೂ ಹೇಳಲಿಲ್ಲ. ಅವರಿಗೆ ಅವತ್ತು ಮೌನ. ಬೇಡ ಅಂತ ಕೈ ಆಡಿಸಲಿಲ್ಲ, ನನಗೆ ಅಷ್ಟೇ ಸಾಕಾಯ್ತು." ಮತ್ತೆ ಸೇರಿಸುತ್ತಾರೆ: "ಆ ದಿನದಿಂದ ಹಾಲು ಬಿಟ್ಟಿದ್ದೇನೆ. ಕರುವಿನಿಂದ ಒಂದು ತೆಗೆದುಕೊಂಡೆ. ಇನ್ನೊಂದು ಅದಕ್ಕೇ ಇರಲಿ."

ರುಕ್ಮಯ್ಯನ ಕತೆ ೧೯೫೭ರ ಮಳೆಗಾಲದ್ದು. ವೇಣೂರಿನ ಆಚೆ ದಡದವನು, ಏಡನ್ನಿನ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತ್ತು. ಎಂಟನೆಯ ದಿನ ಫಲ್ಗುಣಿ ಹೊಳೆ ಉಕ್ಕಿ ದೋಣಿ ನಿಂತಿತು. 'ಬೊಕ್ಕೆ ಎದ್ದಿದೆ' ಎಂದು ರುಕ್ಮಯ್ಯ ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದ, ಕಮಲಾವತಿ ನೋಡದೆ ಸಹಿ ಹಾಕಿದರು. ಎದ್ದಿರಲಿಲ್ಲ. ಹಡಗಿಳಿದ ಕಡೆ ವೈದ್ಯರು ಅವನ ಅಂಗಿಯ ತೋಳು ಮಡಚಿ ನೋಡಿದರು. ಹದಿನಾಲ್ಕು ದಿನ ತಗಡಿನ ಕೊಟ್ಟಿಗೆಯಲ್ಲಿ ಕೂಡಿಹಾಕಿ, ಬಂದ ದಾರಿಯಲ್ಲೇ ಕಳಿಸಿದರು. ಕೆಲಸ ಬೇರೆಯವನಿಗೆ ಹೋಯಿತು. ಈಗ ಅವನದು ಮೂಡುಬಿದಿರೆ ಬಸ್‌ ನಿಲ್ದಾಣದ ಎದುರು ಚಹಾದ ಗೂಡಂಗಡಿ.

"ಒಂದು ದಿನವೂ ಬೈಲಿಲ್ಲ ಅವನು," ಎನ್ನುತ್ತಾರೆ ಕಮಲಾವತಿ. "ಬೈದಿದ್ದರೆ ಮರೀತಿದ್ದೆನೋ ಏನೋ."

ತೋಡಾರು ಬರುವಾಗ ಬಿಸಿಲು ಮರದ ತುದಿಯಿಂದ ಕೆಳಗಿಳಿದಿದೆ. ಖದೀಜಳ ಅಂಗಳದಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಕ್ಕೆ ಹಗ್ಗ ಬಿಗಿದು ಇಟ್ಟಿದ್ದಾರೆ. ಶಂಭು ಕೂರಲಾರದೆ ಶತಪಥ ಹಾಕುತ್ತಿದ್ದಾನೆ. ಅವ್ವಮ್ಮ ಓಡಿಬರುತ್ತಾಳೆ.

"ಎಂಟು ದಿನದಿಂದ ಮನೆಯಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ ಅಮ್ಮಾ! ಶೀಶೆಯನ್ನೇ ನೆರೆಯ ಜುಲೈಕಾಳ ಮನೆಯಲ್ಲಿ ಇಟ್ಟು ಬಂದಿದ್ದೇನೆ. ನನ್ನ ಕೈಯನ್ನು ನನಗೇ ನಂಬ್ಲಿಕ್ಕೆ ಆಗುದಿಲ್ಲ."

"ಒಗ್ಗರಣೆ?"

"ಒಗ್ಗರಣೆಯೂ ಇಲ್ಲ, ತಲೆಗೂ ಇಲ್ಲ. ನೋಡಿ ನನ್ನ ಕೂದಲು, ಕಾಗೆ ಗೂಡು."

"ಬೀಗರು ಬಂದರೆ ಓಡಿಹೋಗ್ತಾರೆ," ಎಂದು ಒಳಗಿನಿಂದ ಖದೀಜ ನಗುತ್ತಾಳೆ. ನಗುವಿಗೆ ಬಲವಿಲ್ಲ. ಎರಡು ದಿನದಿಂದ ಜ್ವರ. ಜ್ವರ ಒಳ್ಳೆಯ ಸೂಚನೆಯೆಂದು ಕಮಲಾವತಿಗೆ ಗೊತ್ತು, ಆದರೂ ಬಾಯಿ ಬಿಡುವುದಿಲ್ಲ. ಜ್ವರಕ್ಕೆ ನೂರು ಕಾರಣ ಇರಬಹುದು.

ಅವರು ಕೈ ತೊಳೆಯುತ್ತಾರೆ. ಕಿಟಕಿಯ ಬಳಿ ಹುಡುಗಿಯನ್ನು ಕೂರಿಸಿ ಕುಪ್ಪಸದ ತೋಳನ್ನು ನಿಧಾನ ಮೇಲಕ್ಕೆ ಸರಿಸುತ್ತಾರೆ. ಹೊರಗೆ ಶಂಭುವಿನ ಮೆಟ್ಟಿನ ಸಪ್ಪಳ ನಿಂತಿದೆ. ಖದೀಜ ಕಣ್ಣು ಮುಚ್ಚಿಕೊಂಡಿದ್ದಾಳೆ.

ರಟ್ಟೆಯ ಮೇಲೆ ಮುತ್ತಿನಂಥ ಬೊಕ್ಕೆ. ನಡುವೆ ಸಣ್ಣ ಗುಳಿ, ಸುತ್ತ ಕೆಂಪು ಬಳೆ.

"ಕಣ್ಣು ಬಿಡು ಮಗಾ. ನಿನ್ನ ಬಹರೈನು ಇಲ್ಲೇ ಎದ್ದಿದೆ."

ಅವ್ವಮ್ಮ ನೆಲದ ಮೇಲೆ ಕುಸಿದು ಅಳುತ್ತಾಳೆ. ಕಮಲಾವತಿ ಅಳುವವರ ಕಡೆ ನೋಡದೆ ಕಾರ್ಡು ಬಿಚ್ಚುತ್ತಾರೆ. ಎಂಟನೇ ತರಗತಿ ಓದಿದವರು, ಇಂಗ್ಲಿಷು ಕಲಿತದ್ದು ಈ ಕಾರ್ಡಿಗಾಗಿ. ತಿಂಗಳನ್ನು ಅಂಕೆಯಲ್ಲಿ ಬರೆದರೆ ಯಾವುದೋ ಬಂದರಿನಲ್ಲಿ ಯಾರೋ ಅದನ್ನು ತಾರೀಕು ಎಂದುಕೊಂಡಾರು. ಆದ್ದರಿಂದ ಅಕ್ಷರದಲ್ಲೇ ಬರೆಯಬೇಕು. ಕೊನೆಗೆ ಸಹಿ. ಈ ಸಹಿ ಮೊಂಬಾಸ ನೋಡಿದೆ, ಜಿದ್ದಾ ನೋಡಿದೆ, ಕೊಲಂಬೊ ನೋಡಿದೆ. ಸಹಿ ಹಾಕಿದವರು ಮಂಗಳೂರು ಬಂದರಿನ ಧಕ್ಕೆಯನ್ನೂ ನೋಡಿಲ್ಲ.

ನೆರೆಮನೆಗಳ ಹನ್ನೆರಡು ಮಕ್ಕಳಿಗೆ ಲಸಿಕೆ ಹಾಕಿ, ಒಂದೊಂದೂ ಒಣಗುವವರೆಗೆ ಕೂತು, ಖದೀಜಳ ಜೊತೆಗೇ ಅವರು ಮೂಡುಬಿದಿರೆಗೆ ಬರುತ್ತಾರೆ. ವೈದ್ಯರು ಮನೆಯ ಜಗಲಿಯಲ್ಲೇ ಮೊಹರು ಒತ್ತುತ್ತಾರೆ. ಬೊಕ್ಕೆ ಎದ್ದಿದೆಯೇ ಎಂದು ಕೇಳುವುದಿಲ್ಲ. ಸಂಜೆಯ ಬಸ್ಸಿಗೆ ಪೆಟ್ಟಿಗೆ ಏರುತ್ತದೆ, ಶಂಭುವೂ ಏರುತ್ತಾನೆ. ಖದೀಜ ಕಿಟಕಿಯಿಂದ ಎಡಗೈ ಆಡಿಸುತ್ತಾಳೆ. ಬಲಗೈ ಕಾರ್ಡಿನ ಚೀಲವನ್ನು ಎದೆಗೆ ಒತ್ತಿಕೊಂಡಿದೆ.

ನಿಮಗೆ ಏನಾದರೂ ಆಸೆ ಉಂಟೇ ಎಂದು ಯಾರಾದರೂ ಕೇಳಿದರೆ ಕಮಲಾವತಿ ಕಂಕುಳ ಫ್ಲಾಸ್ಕನ್ನು ತಟ್ಟುತ್ತಾರೆ. "ಇನ್ನೊಂದು ಫ್ಲಾಸ್ಕು ಕೊಟ್ಟರೆ ಬೆಳ್ತಂಗಡಿಯ ಗುಡ್ಡದ ಮನೆಗಳಿಗೂ ಮದ್ದು ತಣ್ಣಗೆ ಮುಟ್ತದೆ. ಬೇರೆ ಎಂತ ಇಲ್ಲ."

ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆ ಇದೆ. ರುಕ್ಮಯ್ಯ ಆಗಲೇ ಬಾಳೆಲೆಯ ತುಂಡಿನಲ್ಲಿ ಅವಲಕ್ಕಿ, ಪಕ್ಕದಲ್ಲಿ ಹಾಲಿಲ್ಲದ ಚಹಾ ಇಟ್ಟು ಕಾಯುತ್ತಿದ್ದಾನೆ. ಪ್ರತಿ ಕಾರ್ಡಿನ ದಿನವೂ ಅವನದು ಇದೇ ಪ್ರಶ್ನೆ.

"ಒಟ್ಟು ಕಾರ್ಡು ಎಷ್ಟಾಯ್ತು ಅಮ್ಮ?"

"ಸಾವಿರದ ನೂರ ನಲವತ್ತನಾಲ್ಕು."

"ವಾಪಸು ಬಂದದ್ದು?"

"ಒಂದು."

"ಏಳು ವರ್ಷ ಆಯ್ತು. ನನ್ನನ್ನು ಲೆಕ್ಕದಿಂದ ತೆಗೀಲಿಕ್ಕಿಲ್ವಾ ನೀವು?"

ಕಮಲಾವತಿ ಅವಲಕ್ಕಿಗೆ ಕೈ ಹಾಕುತ್ತಾರೆ.

"ನಿನ್ನನ್ನು ತೆಗೆದರೆ ಉಳಿದವರೆಲ್ಲ ಸುಳ್ಳಾಗ್ತಾರೆ ರುಕ್ಮಯ್ಯ," ಎನ್ನುತ್ತಾರೆ. "ಸ್ವಲ್ಪ ಬೆಲ್ಲ ಉಂಟಾ ನೋಡು. ಸೂರ್ಯ ಇನ್ನೂ ಇದ್ದಾನೆ."