ನಂಜಪ್ಪ ಮೇಷ್ಟ್ರ ಬ್ಯಾಸ್ಕೆಟ್‌ಬಾಲ್ ನ್ಯಾಯ

ಮಾಗಡಿಯ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು, ಕಲ್ಯದ ನಂಜಪ್ಪನವರು ಡ್ರಿಲ್ ಮೇಷ್ಟ್ರು. ಮಾತಿಗೆ ಮುಂಚೆ ಸೀಟಿ ಊದುವ ಮನುಷ್ಯ. ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಹುಡುಗಿಯರ ತಂಡ ಕಟ್ಟಿದವರೂ ಅವರೇ, ವರ್ಷ ವರ್ಷವೂ ಅದನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿ ಸೋತು ಬರುತ್ತಿದ್ದವರೂ ಅವರೇ.

ಅವರದೊಂದು ಕಾನೂನಿತ್ತು. ಚೆಂಡು ಐದೂ ಹುಡುಗಿಯರ ಕೈ ದಾಟದೆ ಬುಟ್ಟಿಗೆ ಹೋಗಕೂಡದು, ಪಂಕ್ತಿಯಲ್ಲಿ ಎಲೆ ತಪ್ಪಿಸದೆ ಬಡಿಸಿದ ಹಾಗೆ. ಐದನೆಯವಳಿಗೆ ತಲುಪುವಷ್ಟರಲ್ಲಿ ಚನ್ನಪಟ್ಟಣದ ಹುಡುಗಿಯರು ಅದನ್ನು ಕಿತ್ತುಕೊಂಡು ಹೋಗಿ ತಮ್ಮ ಬುಟ್ಟಿಗೆ ಹಾಕಿಕೊಂಡಿರುತ್ತಿದ್ದರು. "ಹತ್ತಾರು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಕಣ್ರೀ" ಎಂದು ಮೇಷ್ಟ್ರು ನನಗೆ ಬೋಧಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಗಿರಿಜಾಂಬ ಅದೇ ಮಾತು ಹಿಡಿದು, "ಹಂಗಾದ್ರೆ ಬನ್ನಿ, ಎರಡು ಬಿಂದಿಗೆ ನೀರು ಸೇದಿ" ಎಂದರೆ ಅವರಿಗೆ ತಕ್ಷಣ ಶಾಲೆ ನೆನಪಾಗುತ್ತಿತ್ತು.

ಆ ತಂಡದಲ್ಲಿ ಗುರಿ ತಪ್ಪದವಳು ಒಬ್ಬಳೇ, ಅವರ ಮಗಳು ಸರ್ವಮಂಗಳ. ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ, ಎಂಬತ್ತೆರಡರಲ್ಲಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆಯ ಒಳ್ಳೆಯ ಆಟಗಾರ್ತಿಯರನ್ನು ಆರಿಸಿ ಒಂದು ತಂಡ ಮಾಡಿ ಮೈಸೂರಿನ ಪಂದ್ಯಾವಳಿಗೆ ಕಳಿಸುವುದೆಂದು ಆಯಿತು. ಆರಿಸುವವರು ಚನ್ನಪಟ್ಟಣದ ಡ್ರಿಲ್ ಮೇಷ್ಟ್ರು ಮೆಹಬೂಬ್ ಸಾಹೇಬರು ಮತ್ತು ನಮ್ಮ ನಂಜಪ್ಪನವರು. ಹಿರಿಯರೆಂದು ತಂಡದ ಮ್ಯಾನೇಜರಿಕೆಯೂ ಇವರಿಗೇ ಬಂತು. ಇಷ್ಟು ವರ್ಷ ಊದಿದ ಸೀಟಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಹೊಸ ಬಿಳಿ ಪ್ಯಾಂಟು ಹೊಲಿಸಿ, ಸ್ಟಾಫ್ ರೂಮಿನಲ್ಲಿ ಸುಮ್ಮಸುಮ್ಮನೆ ಎರಡು ಸುತ್ತು ಬಂದರು.

ಸರ್ವಮಂಗಳಳಿಗೂ ಅದೊಂದೇ ಅವಕಾಶ, ಮುಂದಿನ ವರ್ಷ ಅವಳಿಗೆ ಶಾಲೆಯೇ ಇಲ್ಲ. ಮೆಹಬೂಬ್ ಸಾಹೇಬರು ಮೊದಲು ಹೇಳಿದ್ದೇ ಅವಳ ಹೆಸರು. ಮೇಷ್ಟ್ರು ಒಪ್ಪಲಿಲ್ಲ. "ಸೋತ ಟೀಮಿಂದ ಒಬ್ರೂ ಬ್ಯಾಡ. ಒಬ್ಬಳು ಚೆಂದಾಗಿ ಆಡಿದ್ರೆ ಏನ್ ಬಂತು? ಟೀಮು ಗೆಲ್ಬೇಕು" ಎಂದರು. ಮಗಳನ್ನು ಸೇರಿಸಿದರೆ ಜನ ಆಡಿಕೊಂಡಾರು ಎಂಬ ಅಳುಕೂ ಇತ್ತು. ಮನೆಗೆ ಬಂದು ಅದನ್ನೇ ಮಹಾತ್ಯಾಗವೆಂಬಂತೆ ಬಣ್ಣಿಸಿದರು. ನಾನು ಆಗ ಅಲ್ಲೇ ಕಾಫಿ ಕುಡಿಯುತ್ತಿದ್ದೆ.

ಹುಡುಗಿ ಅಳಲಿಲ್ಲ. "ಸರಿ ಅಪ್ಪಾಜಿ. ಸೋತ ಟೀಮಿನ ಹುಡುಗೀರು ಬ್ಯಾಡ. ಸೋತ ಟೀಮಿನ ಮೇಷ್ಟ್ರು ಮಾತ್ರ ಮ್ಯಾನೇಜರ್ರು, ಅದೆಂಗೆ?" ಎಂದಳು.

ಗಿರಿಜಾಂಬ ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಹೋದರು. ಮೇಷ್ಟ್ರು ನನ್ನ ಮುಖ ನೋಡಿದರು. ಲೆಕ್ಕ ಸರಿಯಾಗಿದೆ ಎಂದೆ. ನಗು ಬಂದಿತ್ತು ನಿಜ, ಆದರೆ ಅವರು ತಲೆ ತಗ್ಗಿಸಿದ್ದು ಕಂಡು ಲೋಟ ಕೆಳಗಿಟ್ಟು ಎದ್ದೆ.

ಮಾರನೆಯ ದಿನ ಚನ್ನಪಟ್ಟಣಕ್ಕೆ ಹೋಗಿ, ಮಗಳ ಹೆಸರು ಸೇರಿಸಿ, ಮ್ಯಾನೇಜರಿಕೆಯನ್ನು ಮೆಹಬೂಬ್ ಸಾಹೇಬರಿಗೆ ವಹಿಸಿ ಬಂದರು. ಸಾಹೇಬರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ತಂಡ ಹೊರಟ ದಿನ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಸರ್ವಮಂಗಳ ಅಪ್ಪನ ಕೈ ಹಿಡಿದು ಅತ್ತುಬಿಟ್ಟಳು.

"ಬಾಯಿಗೆ ಬಂದಂಗೆ ಅಂದ್ಬುಟ್ಟೆ ಅಪ್ಪಾಜಿ. ನೀವೂ ಬನ್ನಿ."

"ಸರಿಯಾಗೇ ಅಂದೆ ಕಣವ್ವ" ಎಂದರು ಮೇಷ್ಟ್ರು. "ಆಡಿದ್ದು ನೀನು, ಸೋಲ್ಸಿದ್ದು ನಾನು. ಹತ್ತವ್ವ, ಬಸ್ಸು ಹೊರಡ್ತೈತೆ."