ಎಳೆ ಉಳಿಸಿದ ಮ್ಯಾನೇಜರು

ನಂಜನಗೂಡಿನ ಗಾರ್ಮೆಂಟ್ಸ್‌ನಲ್ಲಿ ನಾನು ಹೊಲಿಯುತ್ತಿದ್ದಾಗ ನಮಗೊಬ್ಬ ಮ್ಯಾನೇಜರಿದ್ದರು. ನೆಲಕ್ಕೆ ಬಿದ್ದ ದಾರವನ್ನು ಎರಡು ಬೆರಳಲ್ಲಿ ಎತ್ತಿ ನಮ್ಮ ಮುಖದ ಮುಂದೆ ಆಡಿಸಿ, ‘ಒಂದೆಳೆನೂ ವೇಸ್ಟ್ ಆಗ್ಬಾರ್ದು ಕಣ್ರಮ್ಮ’ ಎಂದು ಹೇಳಿ, ಅದನ್ನು ಅಲ್ಲೇ ಬಿಸಾಡಿ ಹೋಗುತ್ತಿದ್ದರು.

ಚಿಂದಿಯ ಮರುಬಳಕೆ ನೋಡಲು ವಿದೇಶದ ಗಿರಾಕಿಗಳು ಬರುವ ದಿನ ಚಿಂದಿ ಡಬ್ಬಿಗಳೆಲ್ಲ ಖಾಲಿ. ಹಿಂದಿನ ದಿನವೇ ಎಲ್ಲವನ್ನೂ ಸುಡಿಸಿದ್ದವರು ಈ ಮ್ಯಾನೇಜರೇ. ಗಾಬರಿಬಿದ್ದ ಮಹಾಶಯರು ಹೊಸ ಬಟ್ಟೆಯ ರೋಲನ್ನೇ ಬಿಚ್ಚಿಸಿ ಕತ್ತರಿಸಲು ಹೇಳಿದರು.

ಪಕ್ಕದ ಮೆಷಿನ್ನಿನ, ಚಿಕ್ಕಯ್ಯನಛತ್ರ ಊರಿನ ಅಕ್ಕ ಕತ್ತರಿ ಹಿಡಿದು ನಿಂತೇ ಇದ್ದಳು. ‘ಒಳ್ಳೆ ಬಟ್ಟೆ ಸಾ, ಮಕ್ಕಳ ಅಂಗಿ ಆಯ್ತವೆ.’

‘ಸಣ್ಣಕ್ಕೆ ಕತ್ರಿಸಮ್ಮ. ನಿಜವಾದ ಚಿಂದಿ ಥರ ಕಾಣ್ಬೇಕು.’

ಡಬ್ಬಿಗಳು ತುಂಬಿದವು. ಹೊರಗೆ ಬಿದ್ದಿದ್ದ ಒಂದೇ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ಹಾಕಿ, ಅವಳನ್ನು ಗದರಿದರು: ‘ಒಂದೆಳೆನೂ ವೇಸ್ಟ್ ಆಗ್ಬಾರ್ದು ಕಣಮ್ಮ!’