ನಲವತ್ತು ಮೈಲಿಯ ನಡುಕ

ಶನಿವಾರ ಬೆಳಗ್ಗೆ ಆರೂವರೆಗೆ ಕಾರಿನಲ್ಲಿ ಬೆಂಗಳೂರಿನ ಹಲಸೂರು ದಾಟಿದೆ. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಹೊಸ ದಿಂಬು, ಒಂದು ಕಂಬಳಿ, ಮಗುವಿಗೆಂದು ಹೊಲಿಸಿದ ಕುಲಾವಿ. ಹೆಂಡತಿ ಸರೋಜಾ ಹೆರಿಗೆಗೆಂದು ತವರಿಗೆ, ಚಿನ್ನದ ಗಣಿಯ ಆಂಡರ್ಸನ್‌ಪೇಟೆಗೆ ಹೋಗಿ ಏಳು ತಿಂಗಳಾಗಿತ್ತು. ಮಗಳಿಗೆ ಐದನೆಯ ತಿಂಗಳು. ನಾಮಕರಣದ ದಿನ ಒಮ್ಮೆ ನೋಡಿದ್ದೆನಷ್ಟೇ. ಅವಳ ಮುಖ ಕಣ್ಣಿಗೆ ತಂದುಕೊಳ್ಳಲು ಹೋದರೆ ಯಾರದೋ ಮಗುವಿನ ಮುಖ ಬರುತ್ತಿತ್ತು. ನಮ್ಮ ಸಣ್ಣ ಅಚ್ಚುಕೂಟದಿಂದ ಸಂಜೆ ಮನೆಗೆ ಬಂದು ಬೀಗ ತೆಗೆಯುವುದೆಂದರೆ ನನಗೆ ಜೀವವೇ ಬೇಡವೆನಿಸುತ್ತಿತ್ತು.

ಸೋಮವಾರ ಅಮಾವಾಸ್ಯೆ, ಅದರಾಚೆ ಆಷಾಢ. ಆಷಾಢದಲ್ಲಿ ಅವರ ಮನೆಯಲ್ಲಿ ಬಾಣಂತಿಯನ್ನು ಕಳಿಸುವ ಪದ್ಧತಿಯಿಲ್ಲ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರುವಾಗುವ ಮುಂಚೆ ಹೊರಡಬೇಕು. ತಪ್ಪಿದರೆ ಶ್ರಾವಣದವರೆಗೆ ಕಾಯಬೇಕು. ಎಳೆಗೂಸನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ತರುವುದು ಬೇಡವೆಂದೇ, ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಒಬ್ಬ ದೊರೆಯಿಂದ ಆ ಹಳೆಯ ಕಾರನ್ನು ಕೊಂಡು, ಎರಡು ತಿಂಗಳು ಬೆವರು ಸುರಿಸಿ ಓಡಿಸುವುದನ್ನು ಕಲಿತಿದ್ದೆ.

ಹೊಸಕೋಟೆಯವರೆಗೆ ದಾರಿ ಸುಖವಾಗಿತ್ತು. ಊರು ದಾಟಿ ರಸ್ತೆ ನೇರವಾಯಿತು, ವೇಗದ ಮುಳ್ಳು ನಲವತ್ತು ಮೈಲಿ ಮುಟ್ಟಿತು, ಸ್ಟೀರಿಂಗ್ ನನ್ನ ಕೈಯೊಳಗೇ ಗಡಗಡ ನಡುಗತೊಡಗಿತು. ನಲವತ್ತೈದಕ್ಕೆ ಮೊಣಕೈವರೆಗೂ ನಡುಕ. ಹೆದರಿ ಮೂವತ್ತಕ್ಕೆ ಇಳಿಸಿದೆ, ನಡುಕ ನಿಂತುಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ನಲವತ್ತರಲ್ಲಿ ಓಡಿಸುವ ಪ್ರಸಂಗವೇ ಬಂದಿರಲಿಲ್ಲ, ಹಾಗಾಗಿ ಈ ರೋಗ ನನಗೆ ಗೊತ್ತಾಗಿರಲಿಲ್ಲ. ನರಸಾಪುರದ ಹತ್ತಿರ ಐವತ್ತರವರೆಗೂ ಒತ್ತಿ ನೋಡಿದೆ, ಅದೇ ಹಾಡು, ಐವತ್ತರ ಹತ್ತಿರ ಮಾತ್ರ ಕೊಂಚ ಕಮ್ಮಿ.

ಕೋಲಾರದಲ್ಲಿ ಇಡ್ಲಿ ತಿಂದು, ಹತ್ತು ಮೈಲಿ ದೂರದ ಬಂಗಾರಪೇಟೆಗೆ ಬಂದು, ರೈಲ್ವೆ ಗೇಟಿನ ಬಳಿ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಆತ ಕಾರನ್ನು ಓಡಿಸಿ ನೋಡಲೇ ಇಲ್ಲ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, "ಸ್ಟೀರಿಂಗ್ ಬಾಕ್ಸ್ ಲೂಸ್ ಸಾರ್. ಟೈಟ್ ಮಾಡ್ತೀನಿ, ಅಪ್ಪುರಂ ಹೂವಿನಂಗೆ ಓಡ್ತದೆ" ಎಂದು ತಮಿಳು ಬೆರೆಸಿ ಭರವಸೆ ಕೊಟ್ಟ. ಒಂದು ಗಂಟೆ ಬಿಗಿದ. ಆಮೇಲೆ ಸ್ಟೀರಿಂಗ್ ತಿರುಗಿಸಲು ಭೀಮನ ಬಲ ಬೇಕಾಯಿತು, ನಡುಕ ಮಾತ್ರ ಇದ್ದಲ್ಲೇ ಇತ್ತು.

ಆಂಡರ್ಸನ್‌ಪೇಟೆ ತಲುಪಿದಾಗ ಹನ್ನೆರಡು ದಾಟಿತ್ತು. ಜೋರು ಗಾಳಿ, ಗಣಿಯ ಮಣ್ಣುದಿಬ್ಬಗಳಿಂದ ಬಿಳಿ ಧೂಳೆದ್ದು ಬೀದಿಯನ್ನೆಲ್ಲ ಮುಚ್ಚಿತ್ತು. ಸರೋಜಾ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಮಗು ನನ್ನನ್ನು ನೋಡಿ ಜೋರಾಗಿ ಅತ್ತುಬಿಟ್ಟಿತು. ತಪ್ಪು ಅದರದ್ದಲ್ಲ, ಆದರೂ ಎದೆಗೆ ಚುಚ್ಚಿದಂತಾಯಿತು.

ನನ್ನ ಮಾವ ಗಣಿಯಲ್ಲಿ ಇಂಜಿನ್ ಡ್ರೈವರ್. ಕೆಲಸಗಾರರನ್ನು ಪಾತಾಳಕ್ಕೆ ಇಳಿಸಿ ಮೇಲಕ್ಕೆತ್ತುವ ಕಬ್ಬಿಣದ ಪಂಜರಕ್ಕೆ ಅಲ್ಲಿ ಕೇಜು ಅನ್ನುತ್ತಾರೆ. ಅದರ ಹಗ್ಗ ಸುತ್ತುವ ಇಂಜಿನ್ನನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದವರು. ಊಟವಾದ ಮೇಲೆ, "ನಡೀರಿ ಅಳಿಯಂದ್ರೇ, ಒಂದು ಸುತ್ತು ಓಗಿ ಬರಾನ. ಕೂಸು ಓಗೋ ಗಾಡಿ, ನೋಡ್ಬೇಕಲ್ಲ" ಎಂದರು. ಕ್ಯಾಸಂಬಳ್ಳಿ ರಸ್ತೆಗೆ ಹೋದೆವು. ನಾನು ಜಾಣತನದಿಂದ ಮೂವತ್ತೈದು ದಾಟಿಸಲಿಲ್ಲ. ಅವರು ಬಿಡಲಿಲ್ಲ: "ಇನ್ನೊಸಿ ಒತ್ತಿ." ಒತ್ತಿದೆ. ಸ್ಟೀರಿಂಗ್ ಕುಣಿಯಿತು.

ಆ ಊರಿನಲ್ಲಿ ನೆಲದಾಳದ ಬಂಡೆ ಸಿಡಿದು ಭೂಮಿ ಅದುರುವುದು, ಮನೆಮನೆಯ ಪಾತ್ರೆಗಳು ಗಲಗಲ ಅನ್ನುವುದು ಎಲ್ಲರಿಗೂ ಅಭ್ಯಾಸ. ಅದಕ್ಕೆ ಬರ್ಸ್ಟ್ ಅನ್ನುತ್ತಾರೆ. ನನ್ನ ಕೆಟ್ಟ ಬುದ್ಧಿ, "ಬರ್ಸ್ಟ್ ಆಯ್ತೇನೋ ಮಾವ" ಅಂದುಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. "ಬರ್ಸ್ಟ್ ಆದ್ರೆ ಒಂದ್ಸಲ ನಡುಗ್ತದೆ. ಅರ್ಧ ಮೈಲಿ ನಡುಗಲ್ಲ. ನಿಲ್ಸಿ ಗಾಡಿ."

ನಾನು ಕಳ್ಳನಂತೆ ಕೂತೆ. "ಈ ಗಾಡೀಲಿ ನನ್ ಮಗಳ್ನ ಕಳ್ಸಲ್ಲ," ಅಂದರು. ನಾನು ಬಂಗಾರಪೇಟೆಯ ರಿಪೇರಿಯ ಕತೆ ಹೇಳಿದ ಮೇಲೆ ಅವರೇ ಕೇಳಿದರು, "ಅದುರು ಕೈಗೆ ಬತ್ತದಾ, ಕುಂತಿರೋ ಜಾಗಕ್ಕೆ ಬತ್ತದಾ?"

"ಕೈಗೆ."

"ಬ್ರೇಕ್ ಒತ್ತಿದ್ರೆ ಜಾಸ್ತಿ ಆಯ್ತದಾ?"

"ಇಲ್ಲ. ನಲವತ್ತಕ್ಕೆ ಶುರು, ಐವತ್ತರ ಹತ್ತಿರ ಕಮ್ಮಿ."

"ಅಂಗಾದ್ರೆ ಬಾಕ್ಸಲ್ಲ, ಬ್ರೇಕಲ್ಲ. ತಿರುಗೋದ್ರಾಗೆ ಏನೋ ಐತೆ. ಮುಂದಿನ ಚಕ್ರ." ಹಗ್ಗದ ಡ್ರಮ್ಮು ತಿರುಗುವಾಗ ಕಾಲಡಿಯ ಅದುರಿನಲ್ಲೇ ಕೇಜಿನ ಆರೋಗ್ಯ ಹೇಳುವ ಮನುಷ್ಯ ಅವರು. ಅವರ ಮಾತನ್ನು ನಾನು ಗುರುವಾಕ್ಯದಂತೆ ನಂಬಿದೆ. ಆ ರಾತ್ರಿ ಸರೋಜಾ ಹತ್ತಿರ ಒಂದು ಮಾತೂ ಆಡಲಾಗಲಿಲ್ಲ. ಬಾಣಂತಿ ಕೋಣೆ ಅತ್ತೆಯ ರಾಜ್ಯ.

ಭಾನುವಾರ ಏಳು ಗಂಟೆಗೇ ಜಾಕಿ ಹಚ್ಚಿದೆವು. ಬಂಗಾರಪೇಟೆಯವನು ಬಿಗಿದಿದ್ದನ್ನು ಮಾವ ಮೊದಲು ಹದಕ್ಕೆ ಸಡಿಲಿಸಿದರು. ಆಮೇಲೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ. ರಸ್ತೆಗೆ ಹೋದರೆ ಸ್ಟೀರಿಂಗ್ ಕೂದಲೆಳೆಯಷ್ಟೂ ಅಲುಗಲಿಲ್ಲ, ಸೀಟು ಅದುರಿತು! ರೋಗ ಚಕ್ರದ ಜೊತೆಯೇ ಹಿಂದಕ್ಕೆ ಹೋಗಿತ್ತು. ಮಾವ ಮೊದಲ ಸಲ ನಕ್ಕರು. ಮನೆಗೆ ಬಂದು ಆ ಎರಡು ಚಕ್ರಗಳನ್ನು ಒಂದೊಂದಾಗಿ ಮುಂದಿನ ಅಚ್ಚಿಗೆ ಹಾಕಿ, ಬ್ರೇಕು ಸಡಿಲಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ ಬಿಟ್ಟರು. ಒಂದು ಎಲ್ಲೆಂದರಲ್ಲಿ ನಿಂತಿತು. ಇನ್ನೊಂದು ನಿಲ್ಲುವಂತೆ ಕಂಡು, ಹಿಂದಕ್ಕೆ ತೂಗಿ, ಸುಣ್ಣದ ಗುರುತು ಹಾಕಿದ್ದ ಜಾಗವನ್ನೇ ಪ್ರತಿ ಸಲ ಕೆಳಕ್ಕೆ ತಂದಿತು. ಟೈರು ಬಿಚ್ಚಿದೆವು. ಒಳಗೆ, ಒಂದು ಸೀಳಿಗೆ ತೇಪೆಯಾಗಿ, ಹಳೆ ಟೈರಿನ ಅಂಗೈಯಗಲದ ತುಂಡು. ದೊರೆ ಊರಿಗೆ ಹೋಗುವಾಗ ಹೇಳಲು ಮರೆತಿದ್ದ ಸಂಗತಿ.

"ಕಿತ್ತಾಕಿದ್ರೆ ಟೈರು ಒಡೀತದೆ," ಎಂದರು ಮಾವ. "ಕೇಜು ನೋಡಿದ್ದೀರಲ್ಲ? ಒಂದು ಇಳಿಯೋವಾಗ ಇನ್ನೊಂದು ಏರ್ತದೆ. ಈ ಕಡೆ ಭಾರ ಇದ್ರೆ ಆ ಕಡೀಕೂ ಭಾರ ಕೊಡಬೇಕು." ಹಳೆ ಬ್ಯಾಟರಿಯ ಸೀಸ ತಂದು, ಬಡಿದು ಪಟ್ಟಿ ಮಾಡಿ, ತುಂಡಿನ ಎದುರು ಬದಿಗೆ ಚಕ್ರದ ಅಂಚಿನಲ್ಲಿ ತಂತಿಯಿಂದ ಬಿಗಿದರು. ತಿರುಗಿಸುವುದು, ಚೂರು ಕತ್ತರಿಸುವುದು, ಮತ್ತೆ ತಿರುಗಿಸುವುದು. ಹನ್ನೆರಡೂವರೆಗೆ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

ಅತ್ತೆ ಮುದ್ದೆ, ಕೋಳಿ ಸಾರು ಬಡಿಸಿದರು. ಎರಡು ಗಂಟೆಗೆ ಟ್ರಂಕು ಏರಿಸಿದೆ. ಮಾವ ಮತ್ತೆ ಜಾಕಿ ಹಚ್ಚಿದರು. ಸೀಸದಲ್ಲಿ ಇನ್ನೊಂದು ಎಳ್ಳಷ್ಟು ಕತ್ತರಿಸಿದರು, ತಿರುಗಿಸಿದರು, ಅದೇ ಎಳ್ಳಷ್ಟನ್ನು ವಾಪಸು ಇಟ್ಟರು. ಮೂರಾಯಿತು. ನಟ್ಟು ಬಿಗಿದರು, ಬಿಚ್ಚಿದರು, ಬಿಗಿದರು. ಮೂರೂವರೆಯಾಯಿತು. ರಾಹುಕಾಲಕ್ಕೆ ಒಂದೇ ಗಂಟೆ ಉಳಿದಿತ್ತು. ಒಳಗೆ ಹೋಗಿ ಸರೋಜಾಳ ಮುಂದೆ ಹಲ್ಲು ಕಡಿದೆ: "ನಿಮ್ಮಪ್ಪನಿಗೆ ಇನ್ನೂ ಎಷ್ಟು ಸರಿಯಾಗಬೇಕಂತೆ ಆ ಚಕ್ರ?"

ಅವಳು ಮಗುವಿಗೆ ನಾನು ತಂದ ಕುಲಾವಿ ಕಟ್ಟುತ್ತಿದ್ದಳು. "ಅದು ಸರಿಯಾಗಿರೋದು ಅಪ್ಪನಿಗೆ ಊಟಕ್ಕೆ ಮುಂಚೇನೇ ಗೊತ್ತು ರೀ," ಅಂದಳು. "ಪಾಳಿ ಮುಗಿಸಿ ಬಂದವ್ರು ಸ್ನಾನಕ್ಕೂ ಓಗಲ್ಲ, ಇವಳ್ನ ಎತ್ಕೊಂಡು ಕುಂತ್ಕೊತಾರೆ. ಐದು ತಿಂಗಳಿಂದ ಹಂಗೇ."

ನನ್ನ ಏಳು ತಿಂಗಳನ್ನೇ ಎಣಿಸುತ್ತ ಬಂದವನಿಗೆ, ಈ ಮನೆಯಲ್ಲೂ ಐದು ತಿಂಗಳು ಕಳೆದಿವೆ ಎಂಬುದು ಹೊಳೆದೇ ಇರಲಿಲ್ಲ. ಹೊರಗೆ ಬಂದು ಹೇಳಿದೆ, "ಮಾವ, ರಸ್ತೆ ಮೇಲೆ ನೋಡದೆ ನನಗೂ ಧೈರ್ಯವಿಲ್ಲ. ಬಂಗಾರಪೇಟೆವರೆಗೂ ನೀವು ಬರಬೇಕು. ವಾಪಸು ರೈಲಿದೆಯಲ್ಲ."

ಅವರು ಕೈ ತೊಳೆದರು. ಎರಡೇ ನಿಮಿಷದಲ್ಲಿ ಕೋಟು ಹಾಕಿಕೊಂಡು ಬಂದು, ಸರೋಜಾಳ ಕೈಯಿಂದ ಮಗುವನ್ನು ತೆಗೆದುಕೊಂಡು ನನ್ನ ಪಕ್ಕ ಕೂತರು. ನಾಲ್ಕೂಕಾಲಿಗೆ ಹೊರಟೆವು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿಬಿಟ್ಟರು.

ನಲವತ್ತು. ನಲವತ್ತೈದು. ಐವತ್ತು. ಸ್ಟೀರಿಂಗ್ ಪೂಜೆಗೆ ಇಟ್ಟ ತಟ್ಟೆಯಂತೆ ಅಲುಗದೆ ಇತ್ತು. ನಾನು ಹಿಗ್ಗಿ, "ನೋಡಿದಿರಾ ಮಾವ?" ಎಂದೆ. ಅವರು ಸ್ಟೀರಿಂಗ್ ಕಡೆ ನೋಡಲೇ ಇಲ್ಲ. ಮಗುವಿಗೆ ತಂತಿಕಂಬ ತೋರಿಸುತ್ತಿದ್ದರು. "ನೋಡ್ಲೇ, ಅಕ್ಕಿ ಕುಂತದೆ. ಓ, ಅಲ್ಲೊಂದು ಅಕ್ಕಿ." ಮಗು ಹಕ್ಕಿ ನೋಡದೆ ಅವರ ಮೀಸೆ ಹಿಡಿದುಕೊಂಡಿತ್ತು.

ಬಂಗಾರಪೇಟೆ ಸ್ಟೇಷನ್ ಮುಂದೆ ನಿಲ್ಲಿಸಿದೆ. ಮಾವ ಇಳಿದು, ಮಗುವನ್ನು ಹಿಂದಿನ ಕಿಟಕಿಯಿಂದ ಸರೋಜಾಳಿಗೆ ಕೊಟ್ಟರು. ಮೀಸೆ ಬಿಡಿಸಲು ಸ್ವಲ್ಪ ಹೊತ್ತಾಯಿತು. "ಗಾಡಿ ಚೆನ್ನಾಗೈತೆ. ಧೈರ್ಯವಾಗಿ ಓಗಿ," ಎಂದರು. ಕಾಗದ ಬರೆಯಿರಿ ಅನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಗಣಿಯ ರೈಲು ಪ್ಲಾಟ್‌ಫಾರಂನಲ್ಲಿ ಬಂದು ನಿಂತಿತ್ತು. ಅವರು ಅತ್ತ ತಿರುಗಲಿಲ್ಲ.

ಕೋಲಾರದ ರಸ್ತೆಗೆ ಹೊರಳಿದೆ. ಏಳು ತಿಂಗಳು ಕಾದು ಪಡೆದದ್ದೆಲ್ಲ ಈಗ ನನ್ನ ಹಿಂದಿನ ಸೀಟಿನಲ್ಲಿತ್ತು. ಮುಂದೆ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ನಾನು ಕಾಲು ಒತ್ತಿದೆ.

"ಮೆಲ್ಲಗೆ ಓಡ್ಸಿ ರೀ," ಅಂದಳು ಸರೋಜಾ. ಅವಳು ಹಿಂದಿನ ಗಾಜಿನ ಕಡೆ ತಿರುಗಿ, ಮಗುವನ್ನು ಎತ್ತಿ ಹಿಡಿದಿದ್ದಳು. "ಅಪ್ಪ ರಸ್ತೆಗೆ ಬಂದು ನಿಂತವ್ರೆ."

ಮುಳ್ಳನ್ನು ಹತ್ತಕ್ಕೆ ಇಳಿಸಿದೆ. ರಸ್ತೆ ತಿರುಗುವವರೆಗೂ ಹತ್ತರಲ್ಲೇ ಓಡಿಸಿದೆ.